ಹಣ್ಣು-ತರಕಾರಿ ಕ್ಯಾಪ್ಸೂಲ್ ತಗೊಂಡರೆ ತಟ್ಟೆಯ ತರಕಾರಿ ಬಿಡಬಹುದಾ?

ಮಲ್ಲಿಗೆಬಳ್ಳಿ · ಸೋಮವಾರ ರಾತ್ರಿ 9:12
ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯದಲ್ಲಿ ಒಂದು ಸಲಹೆ ಬೇಕಿತ್ತು. ಅಮ್ಮನಿಗೆ 68 ವರ್ಷ. ಎರಡು ತಿಂಗಳ ಹಿಂದೆ ನಾಲ್ಕು ದವಡೆ ಹಲ್ಲು ತೆಗೆಸಿದೆವು. ಆಮೇಲೆ ಕ್ಯಾರೆಟ್, ಬೀನ್ಸ್ ಅಂಥದ್ದು ಅಗಿಯೋದು ಕಷ್ಟವಾಯಿತು. ಮೆತ್ತಗೆ ಬೇಯಿಸಿದ ಸೊಪ್ಪು ಮಾತ್ರ ದಿನಾ ತಪ್ಪಿಸುತ್ತಿರಲಿಲ್ಲ.

ಮೂರು ವಾರದ ಹಿಂದೆ ಪರಿಚಯದವರೊಬ್ಬರು ಒಂದು ಡಬ್ಬಿ ಕೊಟ್ಟರು. ದಿನಕ್ಕೆ ಎರಡು ಕ್ಯಾಪ್ಸೂಲ್ ನುಂಗಿದರೆ ಇಡೀ ದಿನದ ಹಣ್ಣು ತರಕಾರಿ ತಿಂದ ಹಾಗೆ ಅಂತ ಹೇಳಿದರು. ಅಮ್ಮ ಅದನ್ನು ನಂಬಿಬಿಟ್ಟರು. ಈಗ ಸೊಪ್ಪನ್ನೂ ಬಿಟ್ಟಿದ್ದಾರೆ. ಬಡಿಸೋಕೆ ಹೋದರೆ "ಮಾತ್ರೆ ತಗೊಂಡೆನಲ್ಲಮ್ಮ, ಮತ್ತೆ ಯಾಕೆ?" ಅಂತ ಕೈ ಅಡ್ಡ ಹಿಡಿಯುತ್ತಾರೆ. ಡಬ್ಬಿಯ ಹಿಂದೆ 26 ಹಣ್ಣು ತರಕಾರಿಗಳ ಹೆಸರಿದೆ. ಎರಡು ಕ್ಯಾಪ್ಸೂಲಿಗೆ "ಮಿಶ್ರಣ 1,500 ಮಿಲಿಗ್ರಾಂ" ಅಂತಷ್ಟೇ ಬರೆದಿದೆ. ಇದು ನಿಜಕ್ಕೂ ಸಾಕಾಗುತ್ತಾ?

ರಾತ್ರಿಪಾಳಿ · ರಾತ್ರಿ 9:30
ಸಾಕಾಗುತ್ತೋ ಇಲ್ವೋ, ಏನೂ ಇಲ್ಲದ್ದಕ್ಕಿಂತ ಮೇಲು ಅಲ್ವಾ? ನಾನು ಒಂದು ವರ್ಷದಿಂದ ಹಸಿರು ಪುಡಿ ತಗೊಳ್ಳುತ್ತಿದ್ದೇನೆ. ಆರಾಮಾಗಿದ್ದೇನೆ.

ತಕ್ಕಡಿ · ರಾತ್ರಿ 9:51
ಅಕ್ಕ, ಉತ್ತರ ಆ 1,500 ಮಿಲಿಗ್ರಾಂನಲ್ಲೇ ಇದೆ. ಅದು ಒಂದೂವರೆ ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಅಂತ, ಅದೂ ಆಲೂಗಡ್ಡೆ, ಗೆಣಸು ಬಿಟ್ಟು. ತಾಜಾ ತರಕಾರಿಯಲ್ಲಿ ಹೆಚ್ಚುಕಡಿಮೆ 90 ಭಾಗ ನೀರು. ನೀರು ಪೂರ್ತಿ ತೆಗೆದರೂ 400 ಗ್ರಾಂಗೆ ಸುಮಾರು 40 ಗ್ರಾಂ ಪುಡಿ ಉಳಿಯಬೇಕು. ನಿಮ್ಮ ಎರಡು ಕ್ಯಾಪ್ಸೂಲಿನಲ್ಲಿರೋದು ಒಂದೂವರೆ ಗ್ರಾಂ. ಅಂದರೆ 15 ಗ್ರಾಂ ತಾಜಾ ತರಕಾರಿ. ಕ್ಯಾರೆಟ್ ಆದರೆ ಎರಡು ಬಿಲ್ಲೆ.

ಇದನ್ನು ನಾನು ಮನೆಯಲ್ಲಿ ಮಾಡಿ ನೋಡಿದ್ದೇನೆ. 100 ಗ್ರಾಂ ಪಾಲಕ್ ತೂಗಿ, ಬಟ್ಟೆಯ ಮೇಲೆ ಹರಡಿ, ಕೈಯಲ್ಲಿ ಹಿಡಿದರೆ ಪುಡಿಯಾಗೋವರೆಗೆ ಒಣಗಿಸಿದೆ. ಮತ್ತೆ ತೂಗಿದಾಗ ತಕ್ಕಡಿಯಲ್ಲಿ ಬಂದದ್ದು 9 ಗ್ರಾಂ. ದೊಡ್ಡ ಕಟ್ಟು ಸೊಪ್ಪು ಅಂಗೈ ತುಂಬದಷ್ಟು ಪುಡಿಯಾಗಿತ್ತು. ಆ ಪುಡಿಯನ್ನು ಖಾಲಿ ಕ್ಯಾಪ್ಸೂಲಿಗೆ ಒತ್ತಿ ತುಂಬಿದರೂ ಒಂದಕ್ಕೆ ಮುಕ್ಕಾಲು ಗ್ರಾಂ ದಾಟಲಿಲ್ಲ. 40 ಗ್ರಾಂ ತುಂಬೋಕೆ 50ಕ್ಕೂ ಜಾಸ್ತಿ ಕ್ಯಾಪ್ಸೂಲ್ ಬೇಕು.

ರಾತ್ರಿಪಾಳಿ · ರಾತ್ರಿ 10:05
ತಕ್ಕಡಿ ಅಣ್ಣ, ಅದು ಬರೀ ಪುಡಿ ಆದರೆ ನಿಮ್ಮ ಲೆಕ್ಕ ಸರಿ. ಕೆಲವು ಕಂಪನಿಯವರು ಸಾರ ತೆಗೆದು ಹಾಕುತ್ತಾರೆ. ಹತ್ತು ಪಾಲು ತರಕಾರಿಯ ಸತ್ವ ಒಂದು ಪಾಲಿನಲ್ಲಿ ಇರುತ್ತೆ.

ತಕ್ಕಡಿ · ರಾತ್ರಿ 10:14
ಸಾರ ಅಂದರೆ ಯಾವುದೋ ಕೆಲವನ್ನು ಆರಿಸಿಕೊಂಡು ಉಳಿದದ್ದನ್ನು ಬಿಡೋದು. ನಾರು ಹೋಗುತ್ತೆ. ನೀರು ಬಿಟ್ಟು ಬೇರೆಲ್ಲ ಇರಬೇಕು ಅಂದರೆ 40 ಗ್ರಾಂ ಇರಲೇಬೇಕು, ಅದಕ್ಕೆ ಒಳದಾರಿ ಇಲ್ಲ. ದಿನಕ್ಕೆ 25 ಗ್ರಾಂ ನಾರು ಬೇಕು ಅಂತಾರೆ. ಒಂದೂವರೆ ಗ್ರಾಂ ಕ್ಯಾಪ್ಸೂಲ್ ಪೂರ್ತಿ ನಾರೇ ಆಗಿದ್ದರೂ ಒಂದೂವರೆ ಗ್ರಾಂ ಅಷ್ಟೇ.

ಬಿಳಿಕೋಟು · ರಾತ್ರಿ 10:20
ನಾನು ಫಾರ್ಮಸಿಸ್ಟ್. ಲೆಕ್ಕ ಆಮೇಲೆ ಮಾಡೋಣ. ಮಲ್ಲಿಗೆಬಳ್ಳಿ ಮೇಡಂ, ಅಮ್ಮ ಬೇರೆ ಯಾವ ಮಾತ್ರೆ ತಗೊಳ್ಳುತ್ತಾರೆ? ದಯವಿಟ್ಟು ಎಲ್ಲವನ್ನೂ ಬರೆಯಿರಿ.

ಹಳೇಮೇಷ್ಟ್ರು · ರಾತ್ರಿ 10:33
ಹಣ್ಣನ್ನು ಡಬ್ಬಿಗೆ ಇಳಿಸೋ ಆಸೆ ಇವತ್ತಿನದಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಅನ್ನೋ ಹಡಗಿನ ವೈದ್ಯ ಸ್ಕರ್ವಿ (ವಿಟಮಿನ್ ಸಿ ಕೊರತೆಯ ಕಾಯಿಲೆ) ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಪ್ರತಿ ಜೋಡಿಗೂ ಒಂದೊಂದು ಬೇರೆ ಮದ್ದು. ಒಂದು ಜೋಡಿಗೆ ದಿನಾ ಎರಡು ಕಿತ್ತಳೆ, ಒಂದು ನಿಂಬೆ. ಆರು ದಿನಕ್ಕೆ ಹಣ್ಣು ಮುಗಿಯಿತು. ಅಷ್ಟರಲ್ಲೇ ಅವರಲ್ಲಿ ಒಬ್ಬ ಕೆಲಸಕ್ಕೆ ಎದ್ದು ನಿಂತಿದ್ದ.

ನಿಮ್ಮ ಚರ್ಚೆಗೆ ಬೇಕಾದ್ದು ಆಮೇಲೆ ನಡೆದದ್ದು. ದೂರ ಪ್ರಯಾಣದಲ್ಲಿ ಹಣ್ಣು ಕೊಳೆಯುತ್ತೆ. ಅದಕ್ಕೆ ಲಿಂಡ್ ರಸವನ್ನು ಗಂಟೆಗಟ್ಟಲೆ ಕಾಯಿಸಿ ಗಟ್ಟಿ ಪಾಕ ಮಾಡಿ ಶೀಶೆಯಲ್ಲಿ ಇಡಿ ಅಂದ. ಅದನ್ನು "ರಾಬ್" ಅಂತ ಕರೆಯುತ್ತಿದ್ದರು. ಕಾಯಿಸೋವಾಗ ವಿಟಮಿನ್ ಸಿ ಬಹುಪಾಲು ಹಾಳಾಗುತ್ತಿತ್ತು. ಆಗ ವಿಟಮಿನ್ ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ, ಪಾಪ. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನೇ ಎಲ್ಲರಿಗೂ ಕೊಡಬೇಕು ಅಂತ ತೀರ್ಮಾನ ಮಾಡಿದ್ದು 1795ರಲ್ಲಿ. ನಡುವೆ 48 ವರ್ಷ. ಎಷ್ಟು ಜನ ಹೋದರೋ! ಹಣ್ಣನ್ನು ಯಾವ ರೀತಿ ಒಣಗಿಸಿದರು, ಕಾಯಿಸಿದರು ಅನ್ನೋದು ಇವತ್ತಿಗೂ ಕೇಳಬೇಕಾದ ಪ್ರಶ್ನೆ.

ಅವಳಿಮಕ್ಕಳಮ್ಮ · ರಾತ್ರಿ 10:41
ಮೇಷ್ಟ್ರೇ, ನಿಮ್ಮ ಮಾತು ಕೇಳುತ್ತಾ ಕೂರಬೇಕು ಅನ್ನಿಸುತ್ತೆ. ನನ್ನದೂ ಒಂದು ಪ್ರಶ್ನೆ. ನಾಲ್ಕು ವರ್ಷದ ಇಬ್ಬರೂ ತರಕಾರಿ ಕಂಡರೆ ಬಾಯಿ ಮುಚ್ಚುತ್ತಾರೆ. ಗಮ್ಮಿ ಬರುತ್ತಲ್ಲ, ಹಣ್ಣಿನ ಆಕಾರದ್ದು, ಅದು ಕೊಡಬಹುದಾ?

ಬಿಳಿಕೋಟು · ರಾತ್ರಿ 10:52
ಮಕ್ಕಳ ವೈದ್ಯರು ಹೇಳಿದ್ದರೆ ಹೇಳಿದಷ್ಟು ಕೊಡಿ. ಡಬ್ಬಿ ಮಾತ್ರ ಕೈಗೆ ಸಿಗದ ಎತ್ತರದಲ್ಲಿ ಇರಲಿ. ಮಕ್ಕಳಿಗೆ ಅದು ಮಿಠಾಯಿ. ಒಂದೇ ಸಲ ಹತ್ತಿಪ್ಪತ್ತು ತಿಂದುಬಿಡುತ್ತಾರೆ. ವಿಟಮಿನ್ ಎ ಮೈಯಲ್ಲಿ ಉಳಿದುಕೊಳ್ಳುತ್ತೆ, ವಿಟಮಿನ್ ಸಿಯ ಹಾಗೆ ಮೂತ್ರದಲ್ಲಿ ಹೋಗಿಬಿಡಲ್ಲ. ಕಬ್ಬಿಣ ಸೇರಿಸಿದ್ದರಂತೂ ಇನ್ನೂ ಅಪಾಯ.

ಸೀಬೆಮರ · ರಾತ್ರಿ 10:58
ಅವಳಿಮಕ್ಕಳಮ್ಮ, ಬಿಡಬೇಡಿ. ಹೊಸ ರುಚಿಯನ್ನು ಮಕ್ಕಳು ಒಪ್ಪೋಕೆ ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕಾಗುತ್ತೆ. ನನ್ನ ಮಗಳು ಬಟಾಣಿಯನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದಳು. ಬೈಯಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ಸಾಲಿನ ಕೊನೆಯದನ್ನು ಬಾಯಿಗೆ ಹಾಕಿಕೊಂಡಳು. ಈಗ ಕೇಳಿ ಹಾಕಿಸಿಕೊಳ್ಳುತ್ತಾಳೆ.

ಮಲ್ಲಿಗೆಬಳ್ಳಿ · ಮಂಗಳವಾರ ಬೆಳಿಗ್ಗೆ 7:20
ಬಿಳಿಕೋಟು ಸರ್, ತಡವಾಯಿತು, ಕ್ಷಮಿಸಿ. ಅಮ್ಮ ಬಿಪಿ ಮಾತ್ರೆ ಒಂದು ತಗೊಳ್ಳುತ್ತಾರೆ. ಹೃದಯದ ಕವಾಟದ ಆಪರೇಷನ್ ಆದಮೇಲೆ ವಾರ್ಫರಿನ್ ತಗೊಳ್ಳುತ್ತಿದ್ದಾರೆ, ಆರು ವರ್ಷವಾಯಿತು.

ಬಿಳಿಕೋಟು · ಬೆಳಿಗ್ಗೆ 7:26
ಮೇಡಂ, ಇದನ್ನೇ ನಾನು ಹೆದರಿದ್ದು. ಇವತ್ತೇ ಅಮ್ಮನ ವೈದ್ಯರಿಗೆ ಫೋನ್ ಮಾಡಿ, ಐಎನ್‌ಆರ್ ಪರೀಕ್ಷೆ ಮಾಡಿಸಿ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ಅಳೆಯೋದು; ಅಂಕಿ ಜಾಸ್ತಿಯಾದರೆ ರಕ್ತ ಸುಲಭವಾಗಿ ಸೋರುತ್ತೆ). ಡಬ್ಬಿಯನ್ನೂ ಜೊತೆಗೆ ತಗೊಂಡು ಹೋಗಿ. ವಾರ್ಫರಿನ್ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ. ಅದು ಕೆಲಸ ಮಾಡೋದೇ ವಿಟಮಿನ್ ಕೆಗೆ ಅಡ್ಡ ನಿಂತು. ಸೊಪ್ಪಿನಲ್ಲಿ ವಿಟಮಿನ್ ಕೆ ತುಂಬಾ ಇರುತ್ತೆ. ಕ್ಯಾಪ್ಸೂಲಿನಲ್ಲಿ ಸೊಪ್ಪಿನ ಪುಡಿ ಇದ್ದರೆ ವಾರ್ಫರಿನ್ ಶಕ್ತಿ ಕಡಿಮೆಯಾಗಿ ರಕ್ತ ಹೆಪ್ಪುಗಟ್ಟಬಹುದು. ವಾರ್ಫರಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಪ್ರಮಾಣವನ್ನೂ ಬದಲಾಯಿಸಬೇಡಿ.

ಪ್ರಶ್ನೆಗಾರ · ಬೆಳಿಗ್ಗೆ 8:02
ಒಂದು ಅನುಮಾನ. ಒಬ್ಬರು ಕ್ಯಾಪ್ಸೂಲಿನಲ್ಲಿ ಎರಡು ಬಿಲ್ಲೆ ಕ್ಯಾರೆಟ್ಟಿನಷ್ಟೇ ಇದೆ ಅಂತೀರಿ. ಇನ್ನೊಬ್ಬರು ಅದೇ ಕ್ಯಾಪ್ಸೂಲಿನಿಂದ ಜೀವಕ್ಕೆ ಅಪಾಯ ಅಂತೀರಿ. ಎರಡೂ ಹೇಗೆ ನಿಜ ಆಗುತ್ತೆ?

ಬಿಳಿಕೋಟು · ಬೆಳಿಗ್ಗೆ 8:15
ಒಳ್ಳೆಯ ಪ್ರಶ್ನೆ. ನಾರು ಗ್ರಾಂ ಲೆಕ್ಕದಲ್ಲಿ ಬೇಕು. ವಿಟಮಿನ್ ಕೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಬೇಕು. ದಿನಕ್ಕೆ ನೂರು ಮೈಕ್ರೋಗ್ರಾಂ ಆಸುಪಾಸು ಸಾಕು. 100 ಗ್ರಾಂ ಪಾಲಕ್‌ನಲ್ಲಿ 400ಕ್ಕೂ ಜಾಸ್ತಿ ಇರುತ್ತೆ. ಹಾಗಾಗಿ ಪೂರ್ತಿ ಪಾಲಕ್ ಪುಡಿಯೇ ಆಗಿದ್ದರೆ ಒಂದೂವರೆ ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತೆ. ಆದರೆ ಇಲ್ಲಿ 26 ಪದಾರ್ಥ ಇದೆ. ಯಾವುದು ಎಷ್ಟು ಅಂತ ಬರೆದಿಲ್ಲ. "ಮಿಶ್ರಣ" ಅಂತ ಒಟ್ಟು ತೂಕ ಮಾತ್ರ ಹಾಕಿದ್ದಾರೆ. ಗೊತ್ತಿಲ್ಲದ್ದು ಒಳಗಿದೆ, ಅದಕ್ಕೇ ಪರೀಕ್ಷೆ ಮಾಡಿಸಿ ಅಂದೆ.

ಹಿಂದೆಮಾರಿದವಳು · ಬೆಳಿಗ್ಗೆ 9:40
ನಾನು ಎರಡು ವರ್ಷ ಇಂಥ ಡಬ್ಬಿಗಳನ್ನು ಮನೆಮನೆಗೆ ಮಾರಿದ್ದೇನೆ. ಯಾವ ಕಂಪನಿ ಅಂತ ಬರೆಯೋದಿಲ್ಲ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ಒಂದೇ ಪ್ರಶ್ನೆ: "ನೀವು ದಿನಾ ಐದು ಬಗೆ ತರಕಾರಿ ತಿನ್ನುತ್ತೀರಾ?" ಯಾರೂ ಹೌದು ಅನ್ನಲ್ಲ. ಅಲ್ಲಿಗೆ ಡಬ್ಬಿ ತೆಗೆಯೋದು. ನೀವು ಬೇರೆ ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಕೇಳಿ ಅಂತ ನಮಗೆ ಯಾರೂ ಒಂದು ದಿನವೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಿಳಿಕೋಟು ಅವರು ನಿನ್ನೆ ಮೊದಲು ಕೇಳಿದ್ದೇ ಅದು. ಓದಿದಾಗ ನಾನು ಡಬ್ಬಿ ಕೊಟ್ಟ ವಯಸ್ಸಾದವರೆಲ್ಲ ಕಣ್ಣ ಮುಂದೆ ಬಂದರು. ಇನ್ನೂ ನಂಬರ್ ಇರೋ ಎಲ್ಲರಿಗೂ ಇವತ್ತು ಫೋನ್ ಮಾಡುತ್ತೇನೆ.

ದಿನಾವಾಕಿಂಗ್ · ಬೆಳಿಗ್ಗೆ 10:10
ಒಳ್ಳೆ ಕೆಲಸ ಮಾಡುತ್ತಿದ್ದೀರಿ, ಅಕ್ಕ.

ಸಿಗರೇಟುಬಿಟ್ಟವ · ಬೆಳಿಗ್ಗೆ 10:45
ಸಿಗರೇಟು ಸೇದೋರು ಯಾರಾದರೂ ಓದುತ್ತಿದ್ದರೆ ಇದನ್ನು ಬಿಡದೆ ಓದಿ. ಕ್ಯಾರೆಟ್ಟಿಗೆ ಬಣ್ಣ ಕೊಡೋ ಬೀಟಾ ಕ್ಯಾರೋಟಿನ್ ತಿನ್ನೋರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಮೊದಲು ಕಂಡಿತ್ತು. ಸರಿ, ಅದನ್ನೇ ಮಾತ್ರೆ ಮಾಡಿ ಕೊಡೋಣ ಅಂತ ಫಿನ್‌ಲೆಂಡಿನಲ್ಲಿ 29,133 ಮಂದಿ ಸಿಗರೇಟು ಸೇದೋ ಗಂಡಸರ ಮೇಲೆ ಪ್ರಯೋಗ ಮಾಡಿದರು. ಬೀಟಾ ಕ್ಯಾರೋಟಿನ್ ಗುಂಪಿಗೆ ದಿನಕ್ಕೆ 20 ಮಿಲಿಗ್ರಾಂ ಮಾತ್ರೆ. 1994ರಲ್ಲಿ ಫಲಿತಾಂಶ ಬಂತು. ಆ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಜಾಸ್ತಿ! ಅಮೆರಿಕದಲ್ಲಿ ವಿಟಮಿನ್ ಎ ಜೊತೆ ಸೇರಿಸಿ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಶೇ. 28 ಜಾಸ್ತಿ ಆಯಿತು. ಅದನ್ನು 1996ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ನಾನು ಸೇದುತ್ತಿದ್ದಾಗ ಶ್ವಾಸಕೋಶ ಕಾಪಾಡುತ್ತೆ ಅಂತ ಅದೇ ಮಾತ್ರೆಯನ್ನು ಆರು ತಿಂಗಳು ನುಂಗಿದ್ದೆ. ಕ್ಯಾರೆಟ್ ತಿನ್ನೋಕೆ ಹೆದರಬೇಕಾಗಿಲ್ಲ. ಅದೇ ವಸ್ತುವನ್ನು ಜಾಸ್ತಿ ಪ್ರಮಾಣದಲ್ಲಿ, ಒಂಟಿಯಾಗಿ ಕೊಟ್ಟರೆ ದೇಹ ಬೇರೆ ರೀತಿ ನಡೆದುಕೊಳ್ಳುತ್ತೆ.

ರಾತ್ರಿಪಾಳಿ · ಬೆಳಿಗ್ಗೆ 11:20
ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ವಿಟಮಿನ್ ಮಾತ್ರೆಯಿಂದ ಲಾಭವೇ ಇಲ್ಲ ಅನ್ನೋದೂ ಸುಳ್ಳು. 14,641 ಪುರುಷ ವೈದ್ಯರಲ್ಲಿ ಅರ್ಧದಷ್ಟು ಜನಕ್ಕೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಮಲ್ಟಿವಿಟಮಿನ್ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಒಟ್ಟು ಕ್ಯಾನ್ಸರ್ ಶೇ. 8 ಕಡಿಮೆಯಾಗಿತ್ತು. ಅದನ್ನು ಯಾಕೆ ಯಾರೂ ಹೇಳಲ್ಲ?

ಬಿಳಿಕೋಟು · ಬೆಳಿಗ್ಗೆ 11:34
ಹೇಳಬೇಕಾದ್ದೇ. ಅದು ಸರಿಯಾದ ಮಾತು. ಅದೇ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ ಅನ್ನೋದನ್ನೂ ಸೇರಿಸಿ. ಇನ್ನೊಂದು, ಅದು ಅಳತೆ ಬರೆದ ವಿಟಮಿನ್ ಮಾತ್ರೆ. ಅಕ್ಕನ ಡಬ್ಬಿಯಲ್ಲಿರೋದು ಅಳತೆ ಬರೆಯದ ತರಕಾರಿ ಪುಡಿ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅಂಟಿಸೋಕೆ ಆಗಲ್ಲ.

ಏಳನೇತಿಂಗಳು · ಮಧ್ಯಾಹ್ನ 12:15
ಇದನ್ನೆಲ್ಲ ಓದಿ ಯಾವ ಗರ್ಭಿಣಿಯೂ ಫೋಲಿಕ್ ಆಸಿಡ್ ಬಿಡಬಾರದು ಅಂತ ಬರೆಯುತ್ತಿದ್ದೇನೆ. ಗರ್ಭ ಧರಿಸೋಕೆ ಮುಂಚೆಯಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಅಂತ ಹೇಳುತ್ತಾರೆ. ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚೋಕೆ ಅದು ಬೇಕು. ಹಿಂದಿನ ಗರ್ಭದಲ್ಲಿ ಮಗುವಿಗೆ ಆ ತೊಂದರೆ ಆಗಿದ್ದ ತಾಯಂದಿರ ಮೇಲೆ ನಡೆದ ಪ್ರಯೋಗ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ತೊಂದರೆ ಶೇ. 72 ಕಡಿಮೆಯಾಗಿತ್ತು. ಮಾಂಸ, ಹಾಲು, ಮೊಟ್ಟೆ ಯಾವುದೂ ಮುಟ್ಟದವರಿಗೆ ಬಿ12 ಕೂಡ ಹಾಗೇ. ಅದು ಯಾವ ತರಕಾರಿಯಿಂದಲೂ ಸಿಗಲ್ಲ.

ಲ್ಯಾಬಿನವಳು · ಮಧ್ಯಾಹ್ನ 1:03
ರಕ್ತ ಪರೀಕ್ಷೆಗೆ ಹೋಗೋರು ತಗೊಳ್ಳೋ ಸಪ್ಲಿಮೆಂಟ್ ಎಲ್ಲವನ್ನೂ ಲ್ಯಾಬಿನಲ್ಲಿ ಹೇಳಿ. ಕೂದಲು, ಉಗುರು, ಚರ್ಮಕ್ಕೆ ಅಂತ ಮಾರೋ ಡಬ್ಬಿಗಳಲ್ಲಿ ಬಯೋಟಿನ್ ಅನ್ನೋ ವಿಟಮಿನ್ ವಿಪರೀತ ಇರುತ್ತೆ. ದಿನಕ್ಕೆ ಬೇಕಾದ್ದು 30 ಮೈಕ್ರೋಗ್ರಾಂ. ಡಬ್ಬಿಯಲ್ಲಿ 5,000, 10,000. ಅದರಿಂದ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಫಲಿತಾಂಶ ತಪ್ಪು ಬರುತ್ತೆ. ಹೃದಯಾಘಾತ ಪತ್ತೆ ಮಾಡೋ ಟ್ರೊಪೋನಿನ್ ಕೂಡ ಇದ್ದದ್ದಕ್ಕಿಂತ ಕಡಿಮೆ ತೋರಿಸಬಹುದು. ಒಬ್ಬ ಹುಡುಗಿಗೆ ಥೈರಾಯ್ಡ್ ಜಾಸ್ತಿ ಅಂತ ರಿಪೋರ್ಟ್ ಬಂತು. ನೋಡಿದರೆ ಒಂದು ಲಕ್ಷಣವೂ ಇಲ್ಲ. ಕೇಳಿದಾಗ ಬ್ಯಾಗಿನಿಂದ ಡಬ್ಬಿ ತೆಗೆದು ತೋರಿಸಿದಳು. ಕೆಲವು ದಿನ ನಿಲ್ಲಿಸಿ ಮತ್ತೆ ರಕ್ತ ಕೊಟ್ಟಾಗ ಎಲ್ಲ ಸರಿಯಿತ್ತು.

ಡಯಾಲಿಸಿಸ್‌ಮನೆ · ಮಧ್ಯಾಹ್ನ 2:26
ಕಿಡ್ನಿ ತೊಂದರೆ ಇರೋರ ಮಾತೂ ಇರಲಿ. ನಮ್ಮೆಜಮಾನರಿಗೆ ಪೊಟ್ಯಾಸಿಯಂ ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪುತ್ತೆ. ತರಕಾರಿ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಕೊಡುತ್ತೇನೆ. ಇಷ್ಟೆಲ್ಲ ಮಾಡೋ ಮನೆಗೆ ನೆಂಟರೊಬ್ಬರು ಪ್ರೀತಿಯಿಂದಲೇ ಹಸಿರು ಪುಡಿ ತಂದುಕೊಟ್ಟರು. ಪೊಟ್ಯಾಸಿಯಂ ಎಷ್ಟಿದೆ ಅಂತ ಡಬ್ಬಿಯಲ್ಲಿ ಎಲ್ಲೂ ಇರಲಿಲ್ಲ. ಮುಟ್ಟಲಿಲ್ಲ.

ರಾತ್ರಿಪಾಳಿ · ಸಂಜೆ 4:50
ನಾನು ಮಲಗೋದು ಬೆಳಗಿನ ಜಾವ, ಏಳೋದು ಮಧ್ಯಾಹ್ನ. ಕ್ಯಾಂಟೀನಿನಲ್ಲಿ ರಾತ್ರಿ ಸಿಗೋದು ಕರಿದದ್ದು ಮಾತ್ರ. ಅಡುಗೆ ಮಾಡೋರು ಮನೆಯಲ್ಲಿ ಇಲ್ಲ. ಅದಕ್ಕೇ ಪುಡಿಗೆ ಅಂಟಿಕೊಂಡಿದ್ದೇನೆ. ನನ್ನಂಥವರು ಏನು ಮಾಡಬೇಕು, ಅದನ್ನೂ ಹೇಳಿ.

ತಕ್ಕಡಿ · ಸಂಜೆ 5:15
ತಮ್ಮಾ, ನಿನ್ನದು ಪುಡಿ, ಕ್ಯಾಪ್ಸೂಲ್ ಅಲ್ಲ. ಒಂದು ಅಳತೆ ಚಮಚೆ 10 ಗ್ರಾಂ ಇದ್ದು, ಅದು ನಿಜವಾಗಿ ತರಕಾರಿಯೇ ಆಗಿದ್ದರೆ 100 ಗ್ರಾಂ ಹತ್ತಿರ ಬರುತ್ತೆ. ಅದನ್ನು ಸುಳ್ಳು ಅನ್ನಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರೋದು ತೂಕದಲ್ಲಿ ಜಾಸ್ತಿ ಇರೋದು. ಅಲ್ಲಿ ಸಕ್ಕರೆಯೋ, ಪಿಷ್ಟದಿಂದ ಮಾಡಿದ ಪುಡಿಯಾದ ಮಾಲ್ಟೋಡೆಕ್ಸ್‌ಟ್ರಿನ್ನೋ ಮೊದಲು ಬಂದಿದೆಯಾ ನೋಡು. ಮಣ್ಣಿನಿಂದ ಸೀಸ ಅಂಥ ಲೋಹ ಎಲೆಗೆ ಬರುತ್ತೆ, ಒಣಗಿಸಿದಾಗ ಅದೂ ಸೇರಿಕೊಂಡೇ ಗಟ್ಟಿಯಾಗುತ್ತೆ. ಅದಕ್ಕೆ ಹೊರಗಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ್ದಾರಾ ಅಂತಲೂ ನೋಡಬೇಕು.

ಸೀಬೆಮರ · ಸಂಜೆ 5:32
ರಾತ್ರಿಪಾಳಿ, ಹೆಚ್ಚಿ ಶೈತ್ಯೀಕರಿಸಿದ ತರಕಾರಿ ಪೊಟ್ಟಣ ಇಟ್ಟುಕೊಳ್ಳಿ. ಕೊಯ್ದ ಕೂಡಲೇ ಹೆಪ್ಪುಗಟ್ಟಿಸಿರುತ್ತಾರೆ, ಸತ್ವ ಬಹುಪಾಲು ಉಳಿದಿರುತ್ತೆ. ಐದು ನಿಮಿಷದಲ್ಲಿ ಬೇಯುತ್ತೆ. ಹೊರಡೋವಾಗ ಬ್ಯಾಗಿಗೆ ಎರಡು ಹಣ್ಣು. ಒಂದು ಸೀಬೆಹಣ್ಣಿನಲ್ಲೇ ಒಂದು ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ವಿಟಮಿನ್ ಸಿ ಇದೆ.

ರಾತ್ರಿಪಾಳಿ · ಸಂಜೆ 5:40
ಡಬ್ಬಿ ನೋಡಿದೆ. ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್. ಒಂದು ವರ್ಷ ತಗೊಂಡಿದ್ದೇನೆ, ಹಿಂದೆ ತಿರುಗಿಸಿ ಓದಿರಲಿಲ್ಲ. ಹಣ್ಣಿನ ದಾರಿ ನೋಡುತ್ತೇನೆ.

ಮಲ್ಲಿಗೆಬಳ್ಳಿ · ಬುಧವಾರ ಸಂಜೆ 6:05
ಎಲ್ಲರಿಗೂ, ಮುಖ್ಯವಾಗಿ ಬಿಳಿಕೋಟು ಸರ್‌ಗೆ. ನಿನ್ನೆಯೇ ಹೋದೆವು. ಅಮ್ಮನ ಐಎನ್‌ಆರ್ 2.5ರಿಂದ 3.5ರ ಒಳಗೆ ಇರಬೇಕು ಅಂತ ವೈದ್ಯರು ಹೇಳಿದ್ದರು. ಬಂದದ್ದು 4.8.

ನೀವು ಕಡಿಮೆಯಾಗಬಹುದು ಅಂದಿದ್ದಿರಿ, ಜಾಸ್ತಿಯಾಗಿದೆ. ಡಾಕ್ಟರು ಡಬ್ಬಿ ತಿರುಗಿಸಿ ನೋಡಿದರು. ಆಮೇಲೆ ಅಮ್ಮನನ್ನೇ ಕೇಳಿದರು, "ಸೊಪ್ಪು ತಿನ್ನುತ್ತಿದ್ದೀರಾ ಅಮ್ಮಾ?" ಬಿಟ್ಟಿದ್ದೇನೆ ಅಂದರು. ಎಷ್ಟು ದಿನವಾಯಿತು? ಮೂರು ವಾರ. ಆಗ ಅವರು ವಿವರಿಸಿದರು. ಅಮ್ಮ ದಿನಾ ಸೊಪ್ಪು ತಿನ್ನುತ್ತಿದ್ದಾಗಲೇ ವಾರ್ಫರಿನ್ ಪ್ರಮಾಣ ಗೊತ್ತು ಮಾಡಿದ್ದು. ಸೊಪ್ಪು ನಿಂತ ಮೇಲೆ ವಿಟಮಿನ್ ಕೆ ಕಡಿಮೆಯಾಯಿತು. ಅದೇ ಮಾತ್ರೆಯ ಪ್ರಭಾವ ಜಾಸ್ತಿಯಾಯಿತು. ಕ್ಯಾಪ್ಸೂಲ್ ಆ ಜಾಗ ತುಂಬಲೇ ಇಲ್ಲ.

ಅಮ್ಮನ ಮುಂಗೈ ಮೇಲೆ ಒಂದು ನೀಲಿ ಮಚ್ಚೆ ಇತ್ತು, ನಾಲ್ಕು ಬೆರಳಷ್ಟು ಅಗಲ. ಬಾಗಿಲು ತಾಗಿರಬೇಕು ಅಂದುಕೊಂಡಿದ್ದೆವು. ಡಾಕ್ಟರು ಅದನ್ನೇ ಬೆರಳಿನಿಂದ ತೋರಿಸಿದರು. ನನ್ನ ಕೈಕಾಲು ತಣ್ಣಗಾಯಿತು. ಕ್ಯಾಪ್ಸೂಲ್ ನಿಲ್ಲಿಸಿದ್ದಾರೆ. ವಾರ್ಫರಿನ್ ಹೇಗೆ ತಗೊಳ್ಳಬೇಕು ಅಂತ ಬರೆದುಕೊಟ್ಟಿದ್ದಾರೆ.

ಬಿಳಿಕೋಟು · ಸಂಜೆ 6:18
ಮೇಡಂ, ಸಮಯಕ್ಕೆ ಹೋದಿರಲ್ಲ, ಅದು ದೊಡ್ಡದು. ನನ್ನ ಊಹೆ ತಪ್ಪಾಗಿತ್ತು. ಡಬ್ಬಿಯಲ್ಲಿ ಏನು ಬಂತು ಅಂತ ನೋಡಿದೆ, ತಟ್ಟೆಯಿಂದ ಏನು ಹೋಯಿತು ಅಂತ ನೋಡಲಿಲ್ಲ. ಸೊಪ್ಪು ಬಿಟ್ಟಿದ್ದಾರೆ ಅಂತ ನೀವು ಮೊದಲ ದಿನವೇ ಬರೆದಿದ್ದಿರಿ. ಇನ್ನು ಮುಂದೆ ಸೊಪ್ಪು ಹೆಚ್ಚುಕಡಿಮೆ ಮಾಡದೆ ದಿನಾ ಒಂದೇ ಅಳತೆಯಲ್ಲಿ ಕೊಡಿ.

ಪ್ರಶ್ನೆಗಾರ · ಸಂಜೆ 6:25
ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ಅಮ್ಮ ಹುಷಾರಾಗಲಿ.

ಸೀಬೆಮರ · ಸಂಜೆ 6:44
ಅಗಿಯೋಕೆ ಆಗದವರಿಗೆ ತರಕಾರಿಯನ್ನು ಸಣ್ಣಗೆ ತುರಿದು ಬೇಯಿಸಿ, ಇಲ್ಲವಾದರೆ ಬೇಯಿಸಿ ಮಿಕ್ಸಿಗೆ ಹಾಕಿ. ಬೇಯಿಸಿದ ನೀರನ್ನು ಚೆಲ್ಲದೆ ಅದಕ್ಕೇ ಸೇರಿಸಿ. ಸೋಸಬೇಡಿ, ನಾರು ಹೋಗುತ್ತೆ. ಒಂದು ಚಮಚೆ ಎಣ್ಣೆಯೋ ತುಪ್ಪವೋ ಇರಲಿ, ಕ್ಯಾರೆಟ್ಟಿನ ಕ್ಯಾರೋಟಿನ್ ಮೈಗೆ ಹತ್ತೋಕೆ ಜಿಡ್ಡು ಬೇಕು. ಅಳತೆ ಮಾತ್ರ ಅವರ ಡಾಕ್ಟರು ಹೇಳಿದ ಹಾಗೆ.

ಹಿಂದೆಮಾರಿದವಳು · ರಾತ್ರಿ 8:30
ನಿನ್ನೆಯಿಂದ 31 ಜನಕ್ಕೆ ಫೋನ್ ಮಾಡಿದೆ. ಇಬ್ಬರು ರಕ್ತ ತೆಳುವಾಗೋ ಮಾತ್ರೆ ತಗೊಳ್ಳುತ್ತಿದ್ದಾರೆ. ಇಬ್ಬರಿಗೂ ಡಾಕ್ಟರ ಹತ್ತಿರ ಡಬ್ಬಿ ತಗೊಂಡು ಹೋಗಿ ಅಂದಿದ್ದೇನೆ. ಒಬ್ಬರು ಬೈದರು. ಇನ್ನೊಬ್ಬರು ನಾಳೆ ಹೋಗುತ್ತಾರೆ. ಬೈದವರಿಗೆ ಮತ್ತೆ ಮಾಡುತ್ತೇನೆ.

ಮಲ್ಲಿಗೆಬಳ್ಳಿ · ಎರಡು ವಾರದ ನಂತರ, ಭಾನುವಾರ ಬೆಳಿಗ್ಗೆ 11:10
ಐಎನ್‌ಆರ್ 3.0ಕ್ಕೆ ಬಂದಿದೆ. ತಕ್ಕಡಿ ಅಣ್ಣ, ನಿಮ್ಮ ಹಾಗೆ ನಾನೂ ಅಡುಗೆಮನೆಯಲ್ಲಿ ಒಂದು ಪುಟ್ಟ ತಕ್ಕಡಿ ಇಟ್ಟಿದ್ದೇನೆ. ಅಮ್ಮನೇ ಸೊಪ್ಪು ತೂಗುತ್ತಾರೆ. ಡಾಕ್ಟರು ಹೇಳಿದಷ್ಟು ಬರೋವರೆಗೆ ಒಂದೊಂದೇ ಎಲೆ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಾರೆ. ಹಲ್ಲಿನ ಸೆಟ್ಟಿಗೆ ಅಳತೆ ಕೊಟ್ಟು ಬಂದಿದ್ದೇವೆ. ನೀಲಿ ಮಚ್ಚೆ ಹಳದಿಗೆ ತಿರುಗಿ ಈಗ ಹೋಗಿದೆ.

ಅವಳಿಮಕ್ಕಳಮ್ಮ · ಬೆಳಿಗ್ಗೆ 11:16
ಓದಿ ಸಮಾಧಾನವಾಯಿತು. ಮಿಕ್ಸಿಗೆ ಹಾಕಿದ್ದು ತಣ್ಣಗಾದ ಮೇಲೆ ಗಟ್ಟಿಯಾಗುತ್ತಲ್ಲ, ನೀವು ಬಿಸಿನೀರು ಸೇರಿಸುತ್ತೀರಾ?

ಮಲ್ಲಿಗೆಬಳ್ಳಿ · ಬೆಳಿಗ್ಗೆ 11:21
ಬೇಯಿಸಿದ ನೀರನ್ನೇ ಸ್ವಲ್ಪ ತೆಗೆದಿಟ್ಟಿರುತ್ತೇನೆ. ಬಡಿಸೋ ಮುಂಚೆ ಅದನ್ನೇ ಬಿಸಿ ಮಾಡಿ ಕಲಸುತ್ತೇನೆ.